ಸಹೋದರ ತೋಳಕ್ಕೆ ಊಟ ಹಾಕಿದವರು ಯಾರು?



ಕಳೆದ ವರ್ಷ ರಾಗಿ ಕೊಯ್ಲಿನ ಕಾಲದಲ್ಲಿ ಒಂದು ಭಾನುವಾರ. ಕೆ.ಜಿ.ಎಫ್.ನ ನಮ್ಮ ನೆಂಟರ ಮನೆಯಲ್ಲಿ ಕೂಸಿನ ಜ್ಞಾನಸ್ನಾನವಿತ್ತು. ದೇವಾಲಯದಿಂದ ಬಂದವರೆಲ್ಲ ಊಟ ಮುಗಿಸಿ ಹಜಾರದಲ್ಲಿ ಕುಳಿತಿದ್ದೆವು. ಆ ಮನೆಯ ಹುಡುಗ ಬೆಂಗಳೂರಿನ ಕಂಪನಿಯ ಕೆಲಸದ ಮೇಲೆ ನೈರೋಬಿಗೆ ಹೋಗಿ, ರಜೆಯಲ್ಲಿ ಮಸಾಯಿ ಮಾರಾ, ಅಂಬೊಸೆಲಿ ಕಾಡುಗಳನ್ನು ನೋಡಿಕೊಂಡು ಹಿಂದಿರುಗಿ ಒಂದು ವಾರವಾಗಿತ್ತಷ್ಟೆ. ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾ ಕತೆ ಹೇಳತೊಡಗಿದ.

ಜೀಪಿನ ಮುಂದೆ ಹತ್ತು ಅಡಿ ದೂರದಲ್ಲಿ ಒಂದು ಸಲಗ ಬಂದು ನಿಂತಿತಂತೆ. ಹಿಂದುಗಡೆ ಕಿಲಿಮಂಜಾರೊ ಪರ್ವತ, ಮೇಲೆ ಹಿಮ. ಚಾಲಕ ಎಂಜಿನ್ ಆರಿಸಿ, ತುಟಿಯ ಮೇಲೆ ಬೆರಳಿಟ್ಟ. ಆನೆ ಕಿವಿ ಬೀಸಿದ ಗಾಳಿ ಮುಖಕ್ಕೆ ತಾಗಿತು. ಅದರ ಕಣ್ಣು ತನ್ನನ್ನೇ ನೋಡುತ್ತಿತ್ತು. ಹಾಗೆ ನಿಂತು ನಿಂತು, ಇವರನ್ನು ಲೆಕ್ಕಕ್ಕೆ ಇಡದೆ, ಮರಿಯನ್ನೂ ತಾಯಿಯನ್ನೂ ಹಿಂದೆ ಹಾಕಿಕೊಂಡು ರಸ್ತೆ ದಾಟಿತು. "ಎಷ್ಟೋ ವರ್ಷಗಳ ಮೇಲೆ ಆವತ್ತು ನಾನು ನಿಜವಾಗಿ ಪ್ರಾರ್ಥನೆ ಮಾಡಿದೆ" ಎಂದ ಹುಡುಗ. ಅವನು ತೋರಿಕೆಗೆ ಮಾತಾಡುವವನಲ್ಲ. ಹಜಾರ ಸ್ವಲ್ಪ ಹೊತ್ತು ಸುಮ್ಮನಾಯಿತು.

ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವನ ದೊಡ್ಡಮ್ಮ ಫೋನನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಅವರದು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ಒಂದು ಹಳ್ಳಿ.

"ಅದೆಲ್ಲ ಸರಿ ಕಣಪ್ಪಾ. ಈ ಆನೆ ನಿಂತಿದೆಯಲ್ಲ, ಇದು ಯಾರ ಹೊಲ?"

"ಹೊಲ ಅಲ್ಲ ದೊಡ್ಡಮ್ಮ. ಕಾಡು, ಪಾರ್ಕು."

"ಬೇಲಿ ಇದೆಯಾ?"

"ಇಲ್ಲ. ಆಚೆ ಕಡೆ ಮಸಾಯಿ ಜನರ ಊರುಗಳಿವೆ. ದನ ಮೇಯಿಸುತ್ತಾರೆ."

"ಹಂಗಾದ್ರೆ ಆನೆ ಎಷ್ಟು ಚೆಂದ ಅಂತ ಅವರನ್ನೂ ಒಂದು ಮಾತು ಕೇಳ್ಕೊಂಡು ಬರಬೇಕಿತ್ತು" ಎಂದು ಫೋನನ್ನು ವಾಪಸು ಕೊಟ್ಟರು.

ಎಲ್ಲರೂ ನಕ್ಕೆವು, ಹುಡುಗನೂ ನಕ್ಕ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅದನ್ನೇ ಈ ಪುಟದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಕಾಡುಪ್ರಾಣಿಯ ಎದುರು ನಿಂತಾಗ ನಮ್ಮಲ್ಲಿ ಹುಟ್ಟುವ ಆ ವಿಸ್ಮಯ ದೇವರ ವರ ಎಂದು ನಾನು ನಂಬುತ್ತೇನೆ. ಆದರೆ ಆ ವಿಸ್ಮಯದ ಬೆಲೆಯನ್ನು ಇನ್ನೊಬ್ಬರು ತೆರುತ್ತಿರುವಾಗ ಅದು ನಮ್ಮ ಸ್ವತ್ತು ಹೇಗಾಗುತ್ತದೆ?

ಆ ಅಮ್ಮ ಕುಚೋದ್ಯಕ್ಕೆ ಹಾಗೆ ಕೇಳಿದವರಲ್ಲ. ಕಾಮಸಮುದ್ರ ಹೋಬಳಿ ಮೂರು ರಾಜ್ಯಗಳು ಸೇರುವ ಮೂಲೆಯಲ್ಲಿದೆ. ಒಂದು ಕಡೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಇನ್ನೊಂದು ಕಡೆ ಆಂಧ್ರದ ಕುಪ್ಪಂ. ಆನೆಗೆ ಈ ಗಡಿಕಲ್ಲುಗಳ ಪರಿವೆಯಿಲ್ಲ. ಚಿತ್ತೂರು ಜಿಲ್ಲೆಯ ಕಾಡುಗಳಲ್ಲಿ ಸುಮಾರು ಇನ್ನೂರು ವರ್ಷ ಆನೆಯೇ ಇರಲಿಲ್ಲ. 1980ರ ದಶಕದಲ್ಲಿ ಹೊಸೂರು ಕಡೆಯ ಕಾಡುಗಳಿಂದ ಹಿಂಡುಗಳು ಪೂರ್ವಕ್ಕೆ ಹೊರಟು ಅಲ್ಲಿಗೆ ಸೇರಿಕೊಂಡವು. ಅವುಗಳಿಗಾಗಿಯೇ 1990ರಲ್ಲಿ ಪಲಮನೇರು, ಕುಪ್ಪಂ ಭಾಗದ ಕಾಡನ್ನು ಕೌಂಡಿನ್ಯ ವನ್ಯಧಾಮವೆಂದು ಘೋಷಿಸಿದರು. ಹೋಗುವ ದಾರಿ, ಬರುವ ದಾರಿ ಎರಡೂ ನಮ್ಮ ಬಂಗಾರಪೇಟೆಯ ಅಂಚನ್ನು ಮುಟ್ಟುತ್ತವೆ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ತುಂಡು ತುಂಡಾದ ಕುರುಚಲು ಕಾಡಿನಲ್ಲಿ ಅಷ್ಟನ್ನು ಹುಡುಕಿ ತಿನ್ನುವುದಕ್ಕಿಂತ ಮಾಗಿದ ರಾಗಿ ಹೊಲ, ಬಾಳೆ ತೋಟ ಸುಲಭ. ಅದು ಕಳ್ಳತನ ಮಾಡುತ್ತಿಲ್ಲ, ಊಟ ಮಾಡುತ್ತಿದೆ.

ಊಟ ಹಾಕುತ್ತಿರುವವರು ಯಾರು ನೋಡಿ. ಎರಡು ಎಕರೆಯವರು, ಒಂದೂವರೆ ಎಕರೆಯವರು. ಸಂಜೆಯಾದರೆ ಟಾರ್ಚು, ತಗಡಿನ ಡಬ್ಬ, ಪಟಾಕಿ ಹಿಡಿದು ಅಟ್ಟಣೆ ಹತ್ತಬೇಕು. ಹಗಲೆಲ್ಲ ಹೊಲದ ಕೆಲಸ, ರಾತ್ರಿಯೆಲ್ಲ ಕಾವಲು. ಹಿಂಡು ಒಮ್ಮೆ ಹಾದುಹೋದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಸಾಲ ಮಾಡಿ ಹಾಕಿಸಿದ ಹನಿ ನೀರಾವರಿಯ ಪೈಪು ನುಚ್ಚುನೂರು. ಕೊಯ್ದು ಒಟ್ಟಿದ ಮೆದೆಯನ್ನು ಮರಿಯಾನೆಗಳು ಆಟಕ್ಕೆ ಕೆದಕಿ ಹೋಗುತ್ತವೆ. ಆ ಭಾಗದಲ್ಲಿ ಮನುಷ್ಯರ ಪ್ರಾಣಗಳೂ ಹೋಗಿವೆ. ಪರಿಹಾರ ಉಂಟು ಎನ್ನುತ್ತೀರಿ. ಉಂಟು. ಆದರೆ ಪಹಣಿ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿರುವ ವಿಧವೆಗೆ, ವಾರಕ್ಕೆ ಮಾಡುವವನಿಗೆ, ಆ ಕಾಗದಗಳನ್ನು ಕೂಡಿಸುವಷ್ಟರಲ್ಲಿ ಇನ್ನೊಂದು ಬೆಳೆ ಬಂದಿರುತ್ತದೆ, ಆನೆಯೂ ಬಂದಿರುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕಾಲೇಜಿನಲ್ಲಿದ್ದ ದಿನಗಳು. ಬಂಗಾರಪೇಟೆಯ ಆಚೆ ಒಂದು ಕೆರೆಯಲ್ಲಿ ಆನೆಗಳು ಹಗಲಿನಲ್ಲೇ ನಿಂತಿವೆ ಎಂಬ ಸುದ್ದಿ ಬಂತು. ಸೈಕಲ್ ಹತ್ತಿ ಹೊರಟೆವು. ಅಲ್ಲಿ ಜಾತ್ರೆ ಸೇರಿತ್ತು. ಆನೆಗಳು ನೀರಿನ ನಡುವೆ ಒಂದಕ್ಕೊಂದು ಒತ್ತಿಕೊಂಡು, ಮರಿಯನ್ನು ಮಧ್ಯದಲ್ಲಿಟ್ಟುಕೊಂಡು ನಿಂತಿದ್ದವು. ನಾವು ಸಿಳ್ಳೆ ಹಾಕಿದೆವು. ಯಾರೋ ಕಲ್ಲು ಎಸೆದರು. ನಾನೂ ಎಸೆದೆ, ತಾಗಲಿ ಎಂದಲ್ಲ, ಅದು ನನ್ನ ಕಡೆ ತಿರುಗಿ ನೋಡಲಿ ಎಂದು. ಅದು ತಿರುಗಿ ನೋಡಿತು. ಆ ನೋಟವನ್ನು ನಾನು ಎಷ್ಟೋ ವರ್ಷ ದೊಡ್ಡ ಸಾಹಸದಂತೆ ಗೆಳೆಯರಿಗೆ ಹೇಳಿಕೊಂಡು ತಿರುಗಿದೆ. ಹೇಳದೆ ಬಿಟ್ಟ ಭಾಗ ಒಂದಿತ್ತು. ಕೆರೆಯ ಏರಿಯ ಕೆಳಗೆ ಒಬ್ಬ ಮುದುಕ ಎರಡು ಕೈಯನ್ನೂ ಅಗಲಿಸಿ "ಸ್ವಾಮೀ, ಈ ಕಡೆ ಬೇಡ, ಈ ಕಡೆ ಬೇಡ" ಎಂದು ಕೂಗುತ್ತಿದ್ದ. ಆನೆಗಲ್ಲ, ನಮಗೆ. ಅವನ ರಾಗಿಯನ್ನು ಆ ದಿನ ತುಳಿದವರು ನಾವು, ಆನೆ ನೋಡಲು ಬಂದವರು. ಆನೆ ತುಳಿದಿದ್ದರೆ ಹೆಜ್ಜೆ ಗುರುತು ತೋರಿಸಿ ಅರ್ಜಿಯಾದರೂ ಕೊಡಬಹುದಿತ್ತು. ಮನುಷ್ಯರ ಹೆಜ್ಜೆ ಗುರುತಿಗೆ ಪರಿಹಾರವಿಲ್ಲ. ಪಾಪನಿವೇದನೆಯಲ್ಲಿ ನಾನು ಅದನ್ನು ಹೇಳಿಕೊಂಡದ್ದು ಬಹಳ ತಡವಾಗಿ. ಆ ಕಾಲದಲ್ಲಿ ಅದು ಪಾಪವೆಂದೇ ಹೊಳೆದಿರಲಿಲ್ಲ.

ಪವಿತ್ರ ಬೈಬಲ್ ಈ ವಿಷಯದಲ್ಲಿ ಏನು ಹೇಳುತ್ತದೆ? ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ಪ್ರಾಣಿಗಳ ಮೇಲೆ ದೊರೆತನ ಕೊಟ್ಟದ್ದನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಎರಡನೆಯ ಅಧ್ಯಾಯದಲ್ಲಿ ತೋಟವನ್ನು ಉತ್ತು ಕಾಯುವ ಕೆಲಸ ಒಪ್ಪಿಸಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಈ ಎರಡನ್ನೂ ಒಟ್ಟಿಗೆ ಓದಬೇಕೆಂದು ಕೇಳಿಕೊಂಡರು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆ ಬೇರೆಯಾಗಿ ಕೇಳಬೇಡಿ ಎಂಬುದೂ ಆ ಪತ್ರದ ಒತ್ತಾಸೆ.

ಯೋಬನ ಗ್ರಂಥವನ್ನು ಮನೆಯಲ್ಲಿ ಸಾವಕಾಶವಾಗಿ ಓದಿ ನೋಡಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನು 'ನನಗೇಕೆ ಹೀಗೆ?' ಎಂದು ಕೇಳುತ್ತಾನೆ. ದೇವರು ಅದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ಕಾಡುಮೇಕೆ ಈಯುವುದನ್ನು ನೋಡಿದ್ದೀಯಾ, ಕಾಡುಕತ್ತೆಗೆ ಬಿಡುಗಡೆ ಕೊಟ್ಟವರು ಯಾರು, ಉಷ್ಟ್ರಪಕ್ಷಿ ಓಡುವುದನ್ನು ಕಂಡಿದ್ದೀಯಾ ಎಂದು ಒಂದೊಂದೇ ಪ್ರಾಣಿಯನ್ನು ತೋರಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯನ ಕೆಲಸಕ್ಕೆ ಬರುವ ಪ್ರಾಣಿಗಳಲ್ಲ. ನೊಗಕ್ಕೆ ಕತ್ತು ಕೊಡುವುದಿಲ್ಲ, ಹಾಲು ಕೊಡುವುದಿಲ್ಲ. ಆದರೂ ಅವು ದೇವರಿಗೆ ಬೇಕು. ನಮ್ಮ ಹುಡುಗ ಜೀಪಿನಲ್ಲಿ ಕುಳಿತು ಅನುಭವಿಸಿದ್ದು ಇದನ್ನೇ ಎಂದು ತೋರುತ್ತದೆ: ತನ್ನನ್ನು ಲೆಕ್ಕಕ್ಕೇ ಇಡದ ಒಂದು ಜೀವ, ದೇವರ ಲೆಕ್ಕದಲ್ಲಿ ಮಾತ್ರ ಇರುವ ಒಂದು ಜೀವ. ಸಂತ ಮಾರ್ಕನೊಬ್ಬನೇ ತನ್ನ ಶುಭಸಂದೇಶದಲ್ಲಿ, ನಲವತ್ತು ದಿನ ಬೆಂಗಾಡಿನಲ್ಲಿದ್ದ ಯೇಸುಸ್ವಾಮಿ ಕಾಡುಮೃಗಗಳ ಜೊತೆಯಲ್ಲಿದ್ದರು ಎಂದು ಒಂದು ಸಾಲಿನಲ್ಲಿ ಬರೆದಿಟ್ಟಿದ್ದಾನೆ. ಅವುಗಳನ್ನು ಓಡಿಸಿದರು ಎಂದು ಬರೆದಿಲ್ಲ, ಪಳಗಿಸಿದರು ಎಂದೂ ಬರೆದಿಲ್ಲ.

ಇಂತಹ ಅನುಭವಕ್ಕೆ ಆಫ್ರಿಕಕ್ಕೇ ಹೋಗಬೇಕಾಗಿಲ್ಲ. ಕೆ.ಜಿ.ಎಫ್. ಸುತ್ತಿನ ಬಯಲಿನಲ್ಲಿ ಇಂದಿಗೂ ಕೃಷ್ಣಮೃಗಗಳಿವೆ. ಸೈನೈಡ್ ದಿಬ್ಬಗಳ ಕಡೆಯ ಹುಲ್ಲಿನಲ್ಲಿ ಮುಂಜಾನೆ ತಲೆಯೆತ್ತಿ ನೋಡಿ, ಒಮ್ಮೆಲೇ ಗಾಳಿಗೆ ನೆಗೆದು ಓಡುವುದನ್ನು ಕಂಡವರು ನಿಮ್ಮಲ್ಲಿ ಹಲವರಿದ್ದೀರಿ. ಅಷ್ಟು ವೇಗ ಅದಕ್ಕೆ ಏಕೆ ಬೇಕಾಯಿತು? ಬೆನ್ನಟ್ಟುತ್ತಿದ್ದ ಚೀತಾ ನಮ್ಮ ದೇಶದಲ್ಲಿ ನಿರ್ನಾಮವಾಯಿತೆಂದು 1952ರಲ್ಲೇ ಘೋಷಿಸಿಯಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋಗೆ ತಂದರು. ನಮ್ಮ ಕೃಷ್ಣಮೃಗ ಮಾತ್ರ ಇಷ್ಟು ವರ್ಷವೂ ಇಲ್ಲದ ಶತ್ರುವಿನ ಮುಂದೆ ಓಡುತ್ತಲೇ ಇತ್ತು.

ಆಫ್ರಿಕದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದವರು ಕೀನ್ಯಾದ ಸಿಂಹವನ್ನು ಎದುರಿಸಿದ್ದು ಪ್ರವಾಸದ ಜೀಪಿನಿಂದ ಮಾತ್ರವಲ್ಲ. 1898ರಲ್ಲಿ ಸಾವೋ ನದಿಗೆ ರೈಲು ಸೇತುವೆ ಕಟ್ಟುವಾಗ ಎರಡು ಸಿಂಹಗಳು ತಿಂಗಳುಗಟ್ಟಲೆ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಭಾರತದಿಂದ ಹಡಗು ಹತ್ತಿ ಹೋಗಿದ್ದ ಕಾರ್ಮಿಕರೂ ಅವುಗಳಿಗೆ ಬಲಿಯಾದರು. ಸಿಂಹಗಳನ್ನು ಹೊಡೆದ ಎಂಜಿನಿಯರ್ ಪ್ಯಾಟರ್ಸನ್ ಪುಸ್ತಕ ಬರೆದು ಹೆಸರಾದ. ಚರ್ಮ ತುಂಬಿದ ಆ ಎರಡು ಸಿಂಹಗಳು ಈಗ ಅಮೆರಿಕದ ಶಿಕಾಗೋ ವಸ್ತುಸಂಗ್ರಹಾಲಯದಲ್ಲಿವೆ. ಜನ ಟಿಕೆಟು ಕೊಂಡು ಅವುಗಳ ಮುಂದೆ ನಿಲ್ಲುತ್ತಾರೆ. ಕೂಲಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು?

ಇನ್ನು ಸಂತ ಫ್ರಾನ್ಸಿಸರ ಕತೆಗೆ ಬರೋಣ. ಉಪದೇಶ ತರಗತಿಯಲ್ಲಿ ನಾವೆಲ್ಲ ಕೇಳಿದ್ದೇವೆ. ಗುಬ್ಬಿಯೊ ಎಂಬ ಊರಿನ ಸುತ್ತ ಒಂದು ತೋಳ ದನಕುರಿಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತಿತ್ತು. ಸಂತರು ಒಬ್ಬರೇ ಹೊರಟು, ಶಿಲುಬೆಯ ಗುರುತು ಮಾಡಿ, 'ಸಹೋದರ ತೋಳವೇ' ಎಂದು ಕರೆದರು. ಅದು ಬಂದು ಕಾಲ ಬಳಿ ಮಲಗಿ, ಕೊನೆಗೆ ಕೈಯಲ್ಲಿ ಪಂಜವಿಟ್ಟು ಮಾತು ಕೊಟ್ಟಿತು. ನಮ್ಮ ಚಿತ್ರಪಟಗಳಲ್ಲಿ ಇಲ್ಲಿಗೇ ಕತೆ ನಿಲ್ಲುತ್ತದೆ. ಆದರೆ ಇದು ಅರ್ಧ ಕತೆ. ತೋಳ ಹಾನಿ ಮಾಡುವುದು ಹಸಿವಿನಿಂದ ಎಂದು ಬಲ್ಲ ಸಂತರು ಊರಿನವರಿಂದಲೂ ಮಾತು ತೆಗೆದುಕೊಂಡರು. ಇನ್ನು ಮುಂದೆ ಅದಕ್ಕೆ ದಿನದಿನದ ಆಹಾರ ಊರು ಕೊಡಬೇಕು. ತೋಳ ಎರಡು ವರ್ಷ ಮನೆಯಿಂದ ಮನೆಗೆ ಹೋಗಿ ತಿಂದು, ಮುಪ್ಪಾಗಿ ಸತ್ತಿತು. ಊರು ಅತ್ತಿತು.

ಕತೆ ಎಷ್ಟರಮಟ್ಟಿಗೆ ಚರಿತ್ರೆ ಎಂದು ವಾದ ಮಾಡುವವರು ಮಾಡಲಿ. ನನಗೆ ಬೇಕಾದದ್ದು ಆ ಒಂದು ವಿವರ: ಮನೆಯಿಂದ ಮನೆಗೆ. ತೋಳದ ಊಟದ ಹೊಣೆಯನ್ನು ಊರಾಚೆಯ ಕುರುಬನೊಬ್ಬನ ತಲೆಗೆ ಕಟ್ಟಿ, ಪೇಟೆಯವರು ಕಿಟಕಿಯಿಂದ ನೋಡಿ ಸಂತೋಷಪಡಲಿಲ್ಲ. ಚಿನಿವಾರನ ಮನೆಯವರೂ ಹಾಕಿದರು, ಬಟ್ಟೆ ಅಂಗಡಿಯವರೂ ಹಾಕಿದರು. ನಮ್ಮಲ್ಲಿ ಏನಾಗಿದೆ? ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು 2023ರ ಗಣತಿ ಅಂದಾಜು ಮಾಡಿದಾಗ, ದೇಶಕ್ಕೇ ನಾವು ಮೊದಲಿಗರು ಎಂದು ಹೆಮ್ಮೆಪಟ್ಟೆವು. ಹೆಮ್ಮೆ ಇಡೀ ರಾಜ್ಯದ್ದು. ಊಟ ಮಾತ್ರ ಕಾಡಂಚಿನ ಕೆಲವು ಸಾವಿರ ಮನೆಗಳದ್ದು.

ಚಿನ್ನದ ಗಣಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯ ಕಾಲ, ಆಮೇಲೆ ಸರಕಾರದ ಕಾಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ನಮ್ಮ ಅಪ್ಪ, ತಾತಂದಿರು ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂಗಾರ ತೆಗೆದರು. ಆ ಬಂಗಾರ ಎಲ್ಲೋ ಯಾರದೋ ಕೊರಳಲ್ಲಿ ಹೊಳೆಯಿತು. ಮನೆಗೆ ಬಂದದ್ದು ಕಲ್ಲಿನ ದೂಳು ಹೊಕ್ಕ ಶ್ವಾಸಕೋಶ, ರಾತ್ರಿಯಿಡೀ ಕೆಮ್ಮು. ನೋಡಿದವರು 'ಎಂಥ ಹೊಳಪು' ಎಂದರೆ ಆ ಕೆಮ್ಮನ್ನು ಕೇಳಿ ಬೆಳೆದವರಿಗೆ ಹೇಗಾಗುತ್ತದೋ, ಆನೆಯ ಚಿತ್ರ ನೋಡಿದ ಆ ದೊಡ್ಡಮ್ಮನಿಗೂ ಹಾಗೇ ಆಗಿರಬೇಕು.

'ಹಾಗಾದರೆ ಆನೆಗಳನ್ನು ಹಿಡಿದು ಸಾಗಿಸಿಬಿಡಲಿ, ಮನುಷ್ಯ ಮುಖ್ಯವಲ್ಲವೇ?' ಎಂದು ಕೆಲವರು ಕೇಳುತ್ತಾರೆ. ಮನುಷ್ಯ ಮುಖ್ಯ, ನಿಸ್ಸಂದೇಹ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (1992) ಇಲ್ಲಿ ಎರಡು ಮಾತುಗಳನ್ನು ಜೊತೆಜೊತೆಗೆ ಇಟ್ಟಿದೆ. ಅಗತ್ಯವಿಲ್ಲದೆ ಪ್ರಾಣಿಗಳನ್ನು ಹಿಂಸಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ಕುಂದು. ಹಾಗೆಯೇ ಮನುಷ್ಯರ ಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸರಿಯಲ್ಲ. ಮೊದಲನೆಯದನ್ನು ಮಾತ್ರ ಹಿಡಿದವನು ನಗರದಲ್ಲಿ ಕುಳಿತು ರೈತನಿಗೆ ಕರುಣೆಯ ಪಾಠ ಹೇಳುತ್ತಾನೆ. ಎರಡನೆಯದನ್ನು ಮಾತ್ರ ಹಿಡಿದವನು ಬೇಲಿಗೆ ಮನೆಯ ಕರೆಂಟನ್ನೇ ನೇರವಾಗಿ ಹರಿಸುತ್ತಾನೆ. ಆಮೇಲೆ ಸಾಯುವುದು ಆನೆಯೇ ಎಂಬ ಖಾತ್ರಿಯೂ ಇಲ್ಲ. ಕತ್ತಲಲ್ಲಿ ನೀರು ಕಟ್ಟಲು ಹೋದ ಪಕ್ಕದ ಹೊಲದವನೂ ಸಾಯಬಹುದು. ಎರಡು ಮಾತುಗಳನ್ನೂ ಒಂದೇ ಕೈಯಲ್ಲಿ ಹಿಡಿಯುವುದು ಕಷ್ಟ. ನನಗೂ ಪೂರ್ತಿ ಬಗೆಹರಿದಿಲ್ಲ. ಆದರೆ ಕುರುಬನ ಹೊರೆಯನ್ನು ಊರೆಲ್ಲ ಹಂಚಿಕೊಂಡ ಮೇಲೆ ಮಾತ್ರ ತೋಳವನ್ನು ಸಹೋದರ ಎಂದು ಕರೆಯುವ ಮಾತಿಗೆ ಅವನೂ ಕಿವಿಗೊಟ್ಟಾನು.

ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸರ ಹಬ್ಬದಲ್ಲಿ ಕೆಲವು ಧರ್ಮಕೇಂದ್ರಗಳಲ್ಲಿ ಸಾಕುಪ್ರಾಣಿಗಳನ್ನು ಆಶೀರ್ವದಿಸುವ ರೂಢಿ ಬಂದಿದೆ. ಒಳ್ಳೆಯದೇ. ನಾಯಿಮರಿ, ಮೊಲ ಎಲ್ಲ ಬರಲಿ. ಅದೇ ದಿನದ ಕಾಣಿಕೆಯಲ್ಲಿ ಒಂದು ಪಾಲನ್ನು, ಈ ಸಲ ಬೆಳೆ ಹೋದ ಒಂದು ಮನೆಗೆ, ಅವರು ಯಾವ ಧರ್ಮದವರೇ ಆಗಿರಲಿ, ಮುಟ್ಟಿಸಲಾಗದೆ? ನಮ್ಮ ಯುವಕರಲ್ಲಿ ಕಂಪ್ಯೂಟರಿನ ಮುಂದೆ ಕೂರಬಲ್ಲವರು ಎಷ್ಟು ಜನರಿಲ್ಲ. ಒಬ್ಬ ವಿಧವೆಯ ಪಹಣಿ, ಪೌತಿ ಖಾತೆ ಸರಿಮಾಡಿಸಲು ಅವಳ ಜೊತೆ ನಾಲ್ಕು ದಿನ ಕಚೇರಿಗೆ ಅಲೆಯುವುದು ಕರುಣೆಯ ಕಾರ್ಯವಲ್ಲವೇ? ಸಂತ ವಿನ್ಸೆಂಟ್ ದೆ ಪೌಲರ ಸಂಘದವರಿಗೆ ಇಂಥದ್ದು ಹೊಸತೇನಲ್ಲ. ಮತ್ತೆ, ಆನೆ ಬಂದಿದೆ ಎಂದು ತಿಳಿದಾಗ ಬೈಕು ಹತ್ತದೆ ಮನೆಯಲ್ಲೇ ಇರುವುದು. ಇದಕ್ಕೆ ಕಾಸೂ ಖರ್ಚಿಲ್ಲ, ಆದರೆ ಬಹಳ ಕಷ್ಟ ಎಂದು ಅನುಭವದಿಂದ ಬಲ್ಲೆ.

ಆ ಭಾನುವಾರ ನಾಲ್ಕು ಗಂಟೆಯಾಗುತ್ತಲೇ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಕಾಫಿ ಕುಡಿದು ಹೋಗಿ ಎಂದರೆ ಕೇಳಲಿಲ್ಲ. ಮೆದೆ ಇನ್ನೂ ಹೊಲದಲ್ಲೇ ಇದೆ, ಕತ್ತಲಾಗುವ ಮೊದಲೇ ಬಂಗಾರಪೇಟೆಯಲ್ಲಿ ಊರಿನ ಬಸ್ಸು ಹಿಡಿಯಬೇಕು ಎಂದರು. ಹುಡುಗ ಅವರ ಚೀಲ ಹಿಡಿದು ಬಸ್ಸಿನ ತನಕ ಹೊರಟ. ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಾ ಅವನನ್ನು ಕೇಳಿದರು:

"ಆ ಮರಿಯಾನೆ ಅಮ್ಮನ ಹೊಟ್ಟೆ ಕೆಳಗೆ ನಿಂತಿತ್ತಲ್ಲ, ಆ ಫೋಟೋ. ಅದನ್ನ ನಮ್ಮ ಹುಡುಗನ ಫೋನಿಗೆ ಕಳಿಸಪ್ಪಾ. ನಾವು ನೋಡೋದೆಲ್ಲ ಬರೀ ಕತ್ತಲಲ್ಲೇ."